ಫಿಲ್ಮು ಮತ್ತು ಬೆಳಕು
ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಕ್ರಿ.ಶ. 1112ರ ಮಹಾದೇವ ದೇವಾಲಯವಿದೆ. ಅದರ ಕೆತ್ತನೆಯನ್ನು ಹಳೆಯ ಕ್ಯಾಮೆರಾದ ಫಿಲ್ಮಿನಲ್ಲಿ ಮೂಡಿಸುವುದು ಬೆಳಕು. ಮಿತಿಮೀರಿದರೆ ಆ ಚಿತ್ರವನ್ನು ಕೆಡಿಸುವುದೂ ಬೆಳಕೇ. ಆದುದರಿಂದ ಬಯಲುಸೀಮೆಯ ಬಿಸಿಲಿನಲ್ಲಿ ನಿಂತು ಫಿಲ್ಮು ತುಂಬಬಾರದು. ಮಂಟಪದ ನೆರಳನ್ನು ಸೇರಬೇಕು.

1901ರಲ್ಲಿ ಬಳಕೆಗೆ ಬಂದ 120ನೆಯ ಸಂಖ್ಯೆಯ ಸುರುಳಿ ಫಿಲ್ಮಿಗೆ ಬೆಳಕನ್ನು ತಡೆಯುವ ಕಾಗದದ ಹೊದಿಕೆಯುಂಟು. ಸುರುಳಿ ಸಡಿಲವಾದರೆ ಅಂಚುಗಳಿಂದ ಬೆಳಕು ನುಸುಳುತ್ತದೆ. ಆದಕಾರಣ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಾಗದದ ತುದಿಯನ್ನು ಖಾಲಿ ಉರುಳೆಯ ಸೀಳಿನಲ್ಲಿ ನೇರವಾಗಿ ಸಿಕ್ಕಿಸಿ ಬಿಗಿಯಾಗಿ ಸುತ್ತಬೇಕು. ಕಾಗದದ ಕಪ್ಪು ಮುಖ ಮಸೂರದ ಕಡೆಗಿರಬೇಕು. ಅನಂತರ ಹಿಂಬದಿಯ ಮುಚ್ಚಳವನ್ನು ಭದ್ರಪಡಿಸಿ, ಕೆಂಪು ಕಿಂಡಿಯಲ್ಲಿ 1 ಎಂಬ ಅಂಕಿ ಕಾಣುವವರೆಗೆ ತಿರುಗಿಸಬೇಕು. ಇಂದಿನ ಹೆಚ್ಚಿನ ಫಿಲ್ಮುಗಳು ಕೆಂಪು ಬೆಳಕಿಗೂ ಕೆಡುವುದರಿಂದ ಆ ಕಿಂಡಿಗೆ ಬಿಸಿಲು ತಾಗಬಾರದು. ಕ್ಷಣದ ಅವಸರವು ಇಡೀ ಸುರುಳಿಯ ಚಿತ್ರಗಳನ್ನು ನುಂಗಬಲ್ಲದು.