ಉತ್ತರ ಕನ್ನಡದ ಮೀಟರು ಹಳಿ ಮತ್ತು ಅದರ ಡೀಸೆಲ್ ಎಂಜಿನುಗಳ ಶೋಧನೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ತಾಲ್ಲೂಕುಗಳಲ್ಲಿ ನಾಲ್ಕಾದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಿಗೆ ರೈಲುಹಾದಿಯ ಭಾಗ್ಯವು ಸಮನಾಗಿ ಹಂಚಿಹೋಗಿಲ್ಲ. ಮುಂಡಗೋಡವು ಇಂದಿಗೂ ಹಳಿಯನ್ನು ಕಾಣದ ನಾಡು. ಹಳಿಯಾಳ ದಾಂಡೇಲಿಗಳ ಸೀಮೆಗೆ ಧಾರವಾಡ ಜಿಲ್ಲೆಯ ಅಳ್ನಾವರದಿಂದ ಕವಲೊಡೆದ ಹಾದಿಯೊಂದು ಬಂದಿದೆ. ಕಾಡಿನ ಮರಮುಟ್ಟನ್ನು ಹೊರಸಾಗಿಸುವುದೇ ಅದರ ಹುಟ್ಟಿಗೆ ಕಾರಣ. ಹಿಂದೆ ಸೂಪಾ ಎಂದು ಹೆಸರಾಗಿದ್ದ ಜೋಯಿಡಾ ತಾಲ್ಲೂಕಿನ ವಾಯವ್ಯದ ಅಂಚಿನಲ್ಲಿ ತಿನೈಘಾಟ್ ಮತ್ತು ಕ್ಯಾಸಲ್ ರಾಕ್ ನಿಲ್ದಾಣಗಳಿವೆ. ಗೋವೆಯ ಮುರಗಾಂವ್ ಬಂದರಿಗೆ ಇಳಿಯುವ ಹಾದಿಯ ಬಾಗಿಲು ಇದೇ. ಈ ಎರಡು ಹಾದಿಗಳೂ ಮೊದಲು ಮೀಟರು ಹಳಿಯವು. ಅಂದರೆ ಎರಡು ಹಳಿಗಳ ನಡುವಣ ಅಂತರ 1,000 ಮಿಲಿಮೀಟರು. ಇಂದು ಅವು 1,676 ಮಿಲಿಮೀಟರಿನ ಅಗಲ ಹಳಿಗಳಾಗಿವೆ. ಹಾದಿ ಉಳಿಯಿತು, ಹಳಿ ಅಳಿಯಿತು. ಆ ಹಳಿಯೊಡನೆ ಅದರ ಮೇಲೆ ದುಡಿದ ಡೀಸೆಲ್ ಎಂಜಿನುಗಳೂ ಚೆದುರಿಹೋದುವು. ಅವುಗಳಲ್ಲಿ ಉಳಿದಿರುವುವನ್ನು ಗುರುತಿಸುವ ಕ್ರಮವೇನೆಂಬುದು ಈ ಲೇಖನದ ವಿಷಯ.

ಮೊದಲು ಕಾಲನಿರ್ಣಯವನ್ನು ಮಾಡಿಕೊಳ್ಳುವುದು ಅವಶ್ಯಕ. ಮುರಗಾಂವಿನಿಂದ ಕ್ಯಾಸಲ್ ರಾಕಿನ ಗಡಿಯವರೆಗಣ ಹಾದಿಯನ್ನು ಕಟ್ಟಿದುದು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪೆನಿ. ಅಲ್ಲಿಂದ ಮೇಲಕ್ಕೆ ಲೋಂಡಾ, ಹುಬ್ಬಳ್ಳಿಗಳ ಕಡೆಗೆ ಹಾದಿಯನ್ನು ಒದಗಿಸಿದುದು ಸದರ್ನ್ ಮರಾಠಾ ರೈಲ್ವೆ. 1888ರಲ್ಲಿ ಎರಡೂ ಕೂಡಿ ಸಂಚಾರವು ಅಖಂಡವಾಯಿತು. ಸದರ್ನ್ ಮರಾಠಾ ಕಂಪೆನಿಯು 1908ರಲ್ಲಿ ಮದರಾಸು ರೈಲ್ವೆಯೊಡನೆ ಬೆರೆತು ಮದರಾಸು ಮತ್ತು ಸದರ್ನ್ ಮರಾಠಾ ರೈಲ್ವೆಯಾಯಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯೊಳಗೆ ಅಡಗಿತು. 1955ರಲ್ಲಿ ಭಾರತಕ್ಕೂ ಪೋರ್ಚುಗೀಸರಿಗೂ ವಿರಸವು ಬಲಿತು ಗಡಿಯ ಸಂಚಾರ ನಿಂತುಹೋಯಿತು. ಗೋವೆಯ ವಿಮೋಚನೆಯಾದುದು 1961ರ ಡಿಸೆಂಬರಿನಲ್ಲಿ. ಈ ಘಟ್ಟದಲ್ಲಿ ಮುಂದೆ ದುಡಿದ ವೈ-ಡಿ-ಎಂ 4 ಎಂಬ ಡೀಸೆಲ್ ಎಂಜಿನು ಭಾರತಕ್ಕೆ ಬರತೊಡಗಿದುದೂ 1961ರಲ್ಲಿಯೇ. ಆದಕಾರಣ ಈ ಜಾತಿಯ ಯಾವ ಎಂಜಿನೂ ಪೋರ್ಚುಗೀಸರ ಆಳಿಕೆಯಲ್ಲಿ ಈ ಘಟ್ಟವನ್ನು ಇಳಿದಿರಲಾರದು. “ಪೋರ್ಚುಗೀಸರ ಕಾಲದ ಡೀಸೆಲ್ ಎಂಜಿನು” ಎಂದು ಯಾರಾದರೂ ಇದನ್ನು ತೋರಿಸಿದಲ್ಲಿ ಆ ಮಾತನ್ನು ಬೇರೆ ಸಾಕ್ಷ್ಯವಿಲ್ಲದೆಯೇ ತಳ್ಳಿಹಾಕಬಹುದು.

ಎಂಜಿನಿನ ಹೆಸರೇ ಅದರ ಕುಲಗೋತ್ರಗಳನ್ನು ಹೇಳುತ್ತದೆ. ಮೊದಲಕ್ಷರವಾದ ‘ವೈ’ ಮೀಟರು ಹಳಿಯನ್ನೂ, ‘ಡಿ’ ಡೀಸೆಲನ್ನೂ, ‘ಎಂ’ ಪ್ರಯಾಣಿಕರ ಗಾಡಿ ಮತ್ತು ಸರಕಿನ ಗಾಡಿಗಳೆರಡಕ್ಕೂ ಒದಗುವ ಮಿಶ್ರ ಉಪಯೋಗವನ್ನೂ ಸೂಚಿಸುತ್ತವೆ. 4 ಎಂಬುದು ಆ ವರ್ಗದ ಕ್ರಮಾಂಕ. ಅಗಲ ಹಳಿಯದಾದರೆ ಮೊದಲಕ್ಷರವು ‘ಡಬ್ಲ್ಯು’ ಆಗುತ್ತದೆ. ಎರಡೂವರೆ ಅಡಿಯ ಕಿರುಹಳಿಯದಾದರೆ ‘ಝಡ್’ ಆಗುತ್ತದೆ. ವೈ-ಡಿ-ಎಂ 4ರ ಮೂಲ ವಿನ್ಯಾಸ ಅಮೆರಿಕದ ಆಲ್ಕೊ ಕಂಪೆನಿಯದು. ಕೆನಡಾದ ಮಾಂಟ್ರಿಯಲ್ ಕಾರಖಾನೆಯಿಂದ ಬಂದ ಎಂಜಿನುಗಳಿಗೆ ವೈ-ಡಿ-ಎಂ 4ಎ ಎಂಬ ಹೆಸರಾಯಿತು. 1968ರಿಂದ ವಾರಾಣಸಿಯ ಡೀಸೆಲ್ ಎಂಜಿನು ಕಾರಖಾನೆಯು ಇವನ್ನು ಸ್ವದೇಶದಲ್ಲಿಯೇ ತಯಾರಿಸಿತು.

ಇದರೊಳಗಣ ಕಾರ್ಯಕ್ರಮವೂ ತಿಳಿದುಕೊಳ್ಳತಕ್ಕದ್ದೇ. ಒಂದೇ ಸಾಲಿನ ಆರು ಸಿಲಿಂಡರುಗಳ ಡೀಸೆಲ್ ಯಂತ್ರವು ವಿದ್ಯುಜ್ಜನಕವನ್ನು ತಿರುಗಿಸುತ್ತದೆ. ಅದರಿಂದ ಹುಟ್ಟಿದ ವಿದ್ಯುತ್ತು ಆರು ಅಚ್ಚುಗಳಿಗೆ ಒಂದೊಂದರಂತೆ ಹೊಂದಿಸಿದ ಆರು ಮೋಟಾರುಗಳನ್ನು ನಡೆಸುತ್ತದೆ. ಶಕ್ತಿ ಸುಮಾರು 1,350 ಅಶ್ವಬಲ; ತೂಕ ಸುಮಾರು 72 ಟನ್ನು. ಆರು ಅಚ್ಚುಗಳ ಮೇಲೆ ಹಂಚಿದರೆ ಒಂದೊಂದಕ್ಕೆ 12 ಟನ್ನಾಗುತ್ತದೆ. ಹಗುರವಾದ ಮೀಟರು ಹಳಿಯು ಇದನ್ನು ತಾಳಬಲ್ಲುದು. ಕ್ಯಾಸಲ್ ರಾಕಿನಿಂದ ಕುಳೆಂವರೆಗಣ ಘಟ್ಟದಲ್ಲಿ ಹಾದಿಯ ಏರು 37ಕ್ಕೆ 1ರಷ್ಟು ಕಡಿದಾದುದು. ಇಂಥಲ್ಲಿ ಉಗಿಬಂಡಿಯು ಪದೇ ಪದೇ ನೀರನ್ನೂ ಕಲ್ಲಿದ್ದಲನ್ನೂ ಬೇಡುತ್ತಿತ್ತು. ಡೀಸೆಲ್ ಎಂಜಿನಾದರೋ ತನ್ನ ಭಾರವನ್ನೆಲ್ಲ ಎಳೆಯುವ ಚಕ್ರಗಳ ಮೇಲೆಯೇ ಹೊತ್ತಿದೆ. ಇಂಥ ಎರಡು ಮೂರನ್ನು ಒಂದಕ್ಕೊಂದು ಜೋಡಿಸಿ ಒಬ್ಬನೇ ಚಾಲಕನು ನಡೆಸಲೂಬಹುದು. ಘಟ್ಟದ ಹಾದಿಗೆ ಇದು ಹೇಳಿಮಾಡಿಸಿದಂತಿತ್ತು.

1992ರಲ್ಲಿ ಭಾರತೀಯ ರೈಲ್ವೆಯು ಏಕಹಳಿಯ ಯೋಜನೆಯನ್ನು ಕೈಗೊಂಡಿತು. ಆ ದಶಕದಲ್ಲಿ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ಹಾದಿಯು ಅಗಲವಾಯಿತು. ದಾಂಡೇಲಿಯ ಪ್ರಯಾಣಿಕರ ಗಾಡಿಯೂ ಅದೇ ದಶಕದಲ್ಲಿ ನಿಂತಿತು. 2019ರ ನವೆಂಬರ್ 3ರಂದು ಧಾರವಾಡದಿಂದ ದಾಂಡೇಲಿಯ ಅಂಬೇವಾಡಿಗೆ ಗಾಡಿ ಮತ್ತೆ ಹೊರಟಾಗ ಅದು ಓಡಿದುದು ಅಗಲ ಹಳಿಯ ಮೇಲೆ. ಹಳಿ ಅಗಲವಾದರೆ ಹಳೆಯ ಎಂಜಿನಿಗೆ ಅಗಲದ ಚಕ್ರಗಳನ್ನು ತೊಡಿಸಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಅಚ್ಚು, ಅಚ್ಚನ್ನು ಹಿಡಿದ ಚೌಕಟ್ಟು, ಚಕ್ರಗಳ ನಡುವೆ ತೂಗುವ ಮೋಟಾರು ಇವೆಲ್ಲವನ್ನೂ ಬದಲಿಸಬೇಕಾಗುತ್ತದೆ. ಅಷ್ಟನ್ನು ಮಾಡಿದರೂ ಶಕ್ತಿ ಹೆಚ್ಚುವುದಿಲ್ಲ. 1999ರಿಂದ ಹುಬ್ಬಳ್ಳಿಯ ಶೆಡ್ಡಿಗೆ ಬಂದ ಡಬ್ಲ್ಯು-ಡಿ-ಜಿ 4 ಎಂಬ ಎಂಜಿನು 4,000 ಅಶ್ವಬಲದ್ದು. ಹಳೆಯವು ಮೂರು ಕೂಡಿದರೂ ಅದಕ್ಕೆ ತುಸು ಹೆಚ್ಚಷ್ಟೆ. ಹೀಗಾಗಿ ದುಡಿಯಬಲ್ಲ ಎಂಜಿನುಗಳೂ ತಮ್ಮ ನಾಡಿನಲ್ಲಿ ನೆಲೆಯಿಲ್ಲದವಾದುವು.

ಅವುಗಳಿಗೆ ನಾಲ್ಕು ಗತಿಗಳು ಸಾಧ್ಯವಿದ್ದುವು. ಮೊದಲನೆಯದು, ಭಾರತದಲ್ಲಿಯೇ ಮೀಟರು ಹಳಿ ಉಳಿದಿದ್ದ ಬೇರೆ ಪ್ರಾಂತಗಳಿಗೆ ವರ್ಗಾವಣೆ. ನೀಲಗಿರಿ ಬೆಟ್ಟದ ರೈಲ್ವೆಯ ಕೂನೂರು, ಉದಕಮಂಡಲಗಳ ನಡುವಣ ಭಾಗದಲ್ಲಿ ಈ ಜಾತಿಯ ಎಂಜಿನುಗಳು ಗಾಡಿಯನ್ನೆಳೆಯುವ ಕಾರ್ಯಕ್ಕೆ ಒದಗಿವೆ. ಎರಡನೆಯದು, ಪರದೇಶಪ್ರಯಾಣ. ಮಲೇಷ್ಯ, ಮ್ಯಾನ್ಮಾರ್, ಟಾಂಜಾನಿಯ ದೇಶಗಳಲ್ಲಿ ಮೀಟರು ಹಳಿಯೇ ರೂಢಿಯಾದುದರಿಂದ ಭಾರತದಲ್ಲಿ ದುಡಿದ ವೈ-ಡಿ-ಎಂ 4 ಎಂಜಿನುಗಳು ಅಲ್ಲಿಗೂ ಹೋದುವು. ಮೂರನೆಯದು, ಗುಜರಿ, ಹೆಚ್ಚಿನವುಗಳ ಪಾಲಿಗೆ ಒದಗಿದುದು ಇದೇ. ನಾಲ್ಕನೆಯದು, ಕಟ್ಟೆಯ ಮೇಲೆ ಬಣ್ಣ ಬಳಿಸಿಕೊಂಡು ಪ್ರದರ್ಶನಕ್ಕೆ ನಿಲ್ಲುವುದು.

ಶೋಧಕನು ಹಸ್ತಪ್ರತಿಗಳ ಸಂಪಾದಕನಂತೆಯೇ ನಡೆಯಬೇಕಾದುದು ಇಲ್ಲಿ. ಪ್ರತಿಯ ಕೊನೆಯ ಗದ್ಯದಲ್ಲಿ ಲಿಪಿಕಾರನ ಹೆಸರೂ ಕಾಲವೂ ಇರುವಂತೆ ಎಂಜಿನಿನ ಮೈಮೇಲೆ ತಯಾರಕರ ಫಲಕವಿರುತ್ತದೆ. ಕಾರಖಾನೆಯ ಹೆಸರೂ ಇಸವಿಯೂ ಅದರಲ್ಲಿ ದೊರೆಯುತ್ತವೆ. ಎರಡನೆಯ ಸಾಧನ ಕ್ರಮಸಂಖ್ಯೆ; ವೈ-ಡಿ-ಎಂ 4ರಲ್ಲಿ ಇದು ಸಾಮಾನ್ಯವಾಗಿ 6ರಿಂದ ಮೊದಲಾಗುವ ನಾಲ್ಕಂಕಿಯದು. ಮೂರನೆಯದು, ಶೆಡ್ಡಿನ ಮತ್ತು ವಲಯದ ಸಂಕ್ಷೇಪಾಕ್ಷರಗಳು. ಹುಬ್ಬಳ್ಳಿಯ ವಿಭಾಗವು 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು. 2003ರ ಏಪ್ರಿಲ್ 1ರಿಂದ ಅದು ನೈಋತ್ಯ ರೈಲ್ವೆಯದಾಯಿತು. ಆದುದರಿಂದ ಕ್ಯಾಸಲ್ ರಾಕಿನಲ್ಲಿ ತೆಗೆದ ಹಳೆಯ ಛಾಯಾಚಿತ್ರವೊಂದರಲ್ಲಿ ದಕ್ಷಿಣ ಮಧ್ಯ ರೈಲ್ವೆಯ ಅಕ್ಷರಗಳು ಕಂಡರೆ ಅದು 1966ಕ್ಕೆ ಈಚಿನದು. ಮೀಟರು ಹಳಿ ಕಂಡರೆ ಹಳಿ ಅಗಲವಾದುದಕ್ಕೆ ಆಚಿನದು. ತಾರೀಖಿಲ್ಲದ ಚಿತ್ರಕ್ಕೂ ಹೀಗೆ ಎರಡು ಮೇರೆಗಳು ಸಿಕ್ಕುತ್ತವೆ.

ಆದರೆ ಈ ಸಾಧನಗಳು ಸಮಾನ ಪ್ರಮಾಣದವಲ್ಲ. ಬಣ್ಣದಿಂದ ಬರೆದ ಅಕ್ಷರಗಳನ್ನು ಪ್ರತಿ ವರ್ಗಾವಣೆಯಲ್ಲೂ ಅಳಿಸಿ ಬರೆಯುತ್ತಾರೆ. ಪರದೇಶಕ್ಕೆ ಹೋದ ಎಂಜಿನಿಗೆ ಅಲ್ಲಿಯ ರೈಲ್ವೆಯು ತನ್ನದೇ ಸಂಖ್ಯೆಯನ್ನು ಕೊಡಬಹುದು. ದೊಡ್ಡ ದುರಸ್ತಿಯಲ್ಲಿ ಒಂದು ಎಂಜಿನಿನ ಯಂತ್ರವು ಇನ್ನೊಂದರ ಚೌಕಟ್ಟನ್ನು ಸೇರುವುದೂ, ಮೋಟಾರುಗಳು ಅದಲುಬದಲಾಗುವುದೂ ಕಾರ್ಯಾಗಾರದ ನಿತ್ಯವಿಧಿ. ಹಾಗಾದರೆ ಮೂವತ್ತು ವರ್ಷಗಳ ತರುವಾಯ ಉಳಿದುದನ್ನು “ಅದೇ ಎಂಜಿನು” ಎನ್ನಬಹುದೆ? ಗ್ರಂಥವು ಪ್ರತಿಯಿಂದ ಪ್ರತಿಗೆ ಇಳಿಯುವಾಗ ಓಲೆ ಬದಲಾದರೂ ಗ್ರಂಥದ ಹೆಸರು ಮಾಸುವುದಿಲ್ಲ. ಇಲ್ಲಿಯಾದರೋ ಹೆಸರು ನಿಲ್ಲುವುದು ಮುಖ್ಯ ಚೌಕಟ್ಟಿನ ಮೇಲೆ. ದಾಖಲೆಯಲ್ಲಿ ಸಂಖ್ಯೆ ಅಂಟಿಕೊಂಡಿರುವುದೂ ಅದಕ್ಕೇ. ಆದಕಾರಣ ಚೌಕಟ್ಟಿನ ಗುರುತು, ತಯಾರಕರ ಫಲಕ, ಶೆಡ್ಡಿನ ದಫ್ತರ ಈ ಮೂರೂ ಒಮ್ಮತವಾದಲ್ಲಿ ಮಾತ್ರ ನಿರ್ಣಯವನ್ನು ದೃಢವೆಂದು ಎಣಿಸತಕ್ಕದ್ದು. ಎರಡು ಕೂಡಿ ಒಂದು ಒಡೆದಲ್ಲಿ ಅದನ್ನು ಸಂಭಾವ್ಯವೆನ್ನಬೇಕು. ನೋಟದ ಹೋಲಿಕೆಯೊಂದೇ ಇದ್ದಲ್ಲಿ ಏನನ್ನೂ ಹೇಳಬಾರದು. ಒಂದೇ ಅಚ್ಚಿನಲ್ಲಿ ನೂರಾರು ಎಂಜಿನುಗಳು ಹುಟ್ಟಿವೆ.

ಉಗಿಬಂಡಿಗಳಿಗೆ ದೊರೆತ ಆದರವು ಡೀಸೆಲಿಗೆ ದೊರೆಯದಿರಲು ಕಾರಣವೂ ಸ್ಪಷ್ಟವಾಗಿದೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವು 1979ರಲ್ಲಿ ಸ್ಥಾಪಿತವಾದಾಗ ವೈ-ಡಿ-ಎಂ 4 ಇನ್ನೂ ತಯಾರಾಗುತ್ತಿದ್ದ ಹೊಸ ಎಂಜಿನು. ಅದನ್ನು ಪುರಾತನವೆಂದು ಕಾಣುವವರಿರಲಿಲ್ಲ. ಹುಬ್ಬಳ್ಳಿಯಲ್ಲಿ ಅಂಥ ಸಂಗ್ರಹಾಲಯವು 2020ರಲ್ಲಿ ತೆರೆಯುವ ಹೊತ್ತಿಗೆ ಈ ಸೀಮೆಯ ಮೀಟರು ಹಳಿಯು ಕಿತ್ತುಹೋಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ನಿತ್ಯೋಪಯೋಗದ ವಸ್ತುವು ಹಳೆಯದೆಂದು ಮನ್ನಣೆ ಪಡೆಯುವ ಮುನ್ನವೇ ನಷ್ಟವಾಗುವ ಅವಧಿಯೊಂದುಂಟು. ಈ ಎಂಜಿನುಗಳು ಆ ಅವಧಿಯಲ್ಲಿ ಸಿಕ್ಕಿಕೊಂಡುವು. ಹಳೆಗನ್ನಡದ ಓಲೆಗಳ ವಿಷಯದಲ್ಲಿ ಕನ್ನಡಿಗರು ಈ ನಷ್ಟವನ್ನು ಚೆನ್ನಾಗಿ ಬಲ್ಲರು.

ಈಗ ಮಾಡಬೇಕಾದ ಕಾರ್ಯವು ಅಲ್ಪವಾದರೂ ತ್ವರಿತವಾದುದು. ಘಟ್ಟದಲ್ಲಿ ದುಡಿದು ನಿವೃತ್ತರಾದ ಚಾಲಕರೂ ಫಿಟ್ಟರುಗಳೂ ಯಾವ ಸಂಖ್ಯೆಯ ಎಂಜಿನು ಯಾವ ಹಾದಿಯಲ್ಲಿ ನಡೆಯಿತೆಂಬುದನ್ನು ಬಾಯಿಂದ ಹೇಳಬಲ್ಲರು. ಅವರ ಹೇಳಿಕೆಗಳನ್ನು ಬರೆದುಕೊಂಡು ದಫ್ತರಗಳೊಡನೆ ತಾಳೆನೋಡಬೇಕು. ಅವರ ಮನೆಗಳಲ್ಲಿರುವ ಛಾಯಾಚಿತ್ರಗಳ ಪ್ರತಿಯನ್ನು ತೆಗೆದಿಡಬೇಕು. ಪ್ರದರ್ಶನಕ್ಕಿಟ್ಟ ಎಂಜಿನಿನ ಬಳಿ ಅದರ ವರ್ಗ, ಸಂಖ್ಯೆ, ತಯಾರಕರು, ಇಸವಿ, ದುಡಿದ ಶೆಡ್ಡುಗಳು ಇಷ್ಟನ್ನು ಕಲ್ಲಿನಲ್ಲಿ ಕೆತ್ತಿಸಬೇಕು; ಬಣ್ಣವು ಮುಂದಿನ ಬಳಿಯುವಿಕೆಯವರೆಗೆ ಮಾತ್ರ ಉಳಿಯತಕ್ಕದ್ದು. ಸಂಖ್ಯೆ ಅಳಿದ ಎಂಜಿನು ಎಪ್ಪತ್ತೆರಡು ಟನ್ನಿನ ಉಕ್ಕು ಮಾತ್ರ. ಸಂಖ್ಯೆಯುಳ್ಳದ್ದು ಕ್ಯಾಸಲ್ ರಾಕಿನ ಏರಿಗೂ, ಅದನ್ನು ಹತ್ತಿಸಿದ ಜನರಿಗೂ ಸಾಕ್ಷಿಯಾಗುತ್ತದೆ.