ಟಾಪ್ ಲಿಂಕಿನ ಜಾಗಕ್ಕೊಂದು ಜಾಕು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವವರು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಳೇ ಟ್ರ್ಯಾಕ್ಟರ್ ಕೊಳ್ಳುವುದರಲ್ಲಿ ಪಳಗಿದವರು ಅದರ ಮುಖ ನೋಡುವುದೇ ಇಲ್ಲ, ನೇರ ಹಿಂದಕ್ಕೆ ಬರುತ್ತಾರೆ. ಕೆಳಗಿನ ಎರಡು ತೋಳು ಹಿಡಿದು ಅಲ್ಲಾಡಿಸುತ್ತಾರೆ. ಪಿನ್ನಿನ ತೂತು ಸವೆದು ಕೋಳಿಮೊಟ್ಟೆಯಂತಾಗಿದೆಯೇ ಎಂದು ಬೆರಳಾಡಿಸುತ್ತಾರೆ. ಆಮೇಲೆ ಕಲ್ಟಿವೇಟರ್ ಸಿಕ್ಕಿಸಿ, ಮೇಲೆತ್ತಿಸಿ, ಎಂಜಿನ್ ಆಫ್ ಮಾಡಿಸಿ, ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಅಷ್ಟರೊಳಗೆ ಕಲ್ಟಿವೇಟರ್ ಮೆಲ್ಲಗೆ ಕುಸಿಯಿತೋ, ಒಳಗೆಲ್ಲೋ ಸೀಲು ಹೋಗಿದೆ. ಬೆಲೆಯೂ ಕುಸಿಯಬೇಕು.

ಈ ಹಿಂಭಾಗಕ್ಕೆ ಪುಸ್ತಕದಲ್ಲಿ ಮೂರು ಬಿಂದುಗಳ ಜೋಡಣೆ ಎಂದು ಹೆಸರು. ಹೊಲದಲ್ಲಿ ಅದು ಬರೀ ‘ಲಿಫ್ಟು’. ಕೆಳಗೆ ಎಡಕ್ಕೊಂದು ಬಲಕ್ಕೊಂದು ತೋಳು, ಮೇಲೆ ನಡುವೆ ಟಾಪ್ ಲಿಂಕು. ಹೈಡ್ರಾಲಿಕ್ ಲಿವರ್ ಎಳೆದರೆ ಕೆಳಗಿನ ತೋಳುಗಳು ಒಟ್ಟಿಗೆ ಏಳುತ್ತವೆ, ಬಿಟ್ಟರೆ ಒಟ್ಟಿಗೆ ಇಳಿಯುತ್ತವೆ. ಅದಕ್ಕೆ ಗೊತ್ತಿರುವ ಕೆಲಸ ಅಷ್ಟೇ. ನೇಗಿಲಿನ ಮೂತಿ ಇನ್ನೊಂದಿಷ್ಟು ಬಾಗಬೇಕು, ಬಲಗಡೆ ಎರಡು ಬೆರಳು ತಗ್ಗಬೇಕು ಎಂದರೆ ಚಾಲಕ ಗಾಡಿ ನಿಲ್ಲಿಸಿ, ಇಳಿದು, ಹಿಂದೆ ಹೋಗಿ ಟಾಪ್ ಲಿಂಕಿನ ತಿರುಪನ್ನೋ ಬಲಬದಿಯ ಲಿಫ್ಟ್ ರಾಡನ್ನೋ ಕೈಯಲ್ಲಿ ತಿರುಗಿಸಬೇಕು. ತುಕ್ಕು ಹಿಡಿದಿದ್ದರೆ ಸುತ್ತಿಗೆಯೂ ಬೇಕು, ನಾಲ್ಕು ಬೈಗುಳವೂ ಬೇಕು. ಆ ಎರಡು ತಿರುಪುಗಳನ್ನು ಕಳಚಿ ಅಲ್ಲಿ ಎರಡು ಪುಟ್ಟ ಹೈಡ್ರಾಲಿಕ್ ಸಿಲಿಂಡರು ಕೂರಿಸಿ, ಅವುಗಳ ಲಿವರನ್ನು ಸೀಟಿನ ಪಕ್ಕಕ್ಕೆ ತಂದುಕೊಳ್ಳುವ ಕಸುಬೊಂದಿದೆ. ಸಿಲಿಂಡರಿಗೆ ಗ್ಯಾರೇಜಿನಲ್ಲಿ ಜಾಕು ಅನ್ನುತ್ತಾರೆ.

ಮರದ ನೇಗಿಲು ಹಿಡಿದವನಿಗೆ ಈ ಇಳಿದು ಹತ್ತುವ ಪಾಡು ಇರಲಿಲ್ಲ. ಅವನು ನೇಗಿಲಿನ ಹಿಂದೆಯೇ ನಡೆಯುತ್ತಿದ್ದ. ಬೆಳಗ್ಗೆ ಹೂಡುವಾಗ ಈಸಿನ ಮೇಲೆ ನೊಗದ ಕಟ್ಟನ್ನು ಹಿಂದೆ ಮುಂದೆ ಸರಿಸಿ, ಬೆಣೆ ಬಡಿದು ಆಳ ಗೊತ್ತು ಮಾಡಿಕೊಂಡರೆ ಮುಗಿಯಿತು. ಮಿಕ್ಕಿದ್ದೆಲ್ಲ ಮೇಳಿ ಹಿಡಿದ ಅಂಗೈಯ ಲೆಕ್ಕ. ಗಟ್ಟಿ ನೆಲ ಬಂದರೆ ಒತ್ತುವುದು, ಕಲ್ಲು ತಗುಲಿದರೆ ಎತ್ತುವುದು, ಒಂದು ಪಕ್ಕ ವಾಲಿಸುವುದು. ಟ್ರ್ಯಾಕ್ಟರ್ ಬಂದು ರೈತನನ್ನು ನೇಗಿಲಿನ ಹಿಂದಿನಿಂದ ಮುಂದಕ್ಕೆ ತಂದು ಕೂರಿಸಿತು, ಉಳುವುದರ ಕಡೆಗೆ ಅವನ ಬೆನ್ನು ತಿರುಗಿಸಿತು. ನನ್ನ ಪ್ರಕಾರ ಜಾಕಿನ ಕಥೆಯೆಲ್ಲ ಆ ಕಳೆದುಹೋದ ಅಂಗೈಯನ್ನು ಮರಳಿ ಜೋಡಿಸುವ ಕಥೆ.

ಮೂರು ತೋಳಿನ ಈ ಜೋಡಣೆಯನ್ನು ಪಕ್ವಕ್ಕೆ ತಂದವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. 1884ರಲ್ಲಿ ರೈತರ ಮನೆಯಲ್ಲಿ ಹುಟ್ಟಿದವನು. 1909ರಲ್ಲಿ ತಾನೇ ಕಟ್ಟಿದ ವಿಮಾನ ಹಾರಿಸಿದ ಆಸಾಮಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಕೃಷಿ ಮಂಡಳಿ ಟ್ರ್ಯಾಕ್ಟರ್ ಉಳುಮೆ ಸುಧಾರಿಸಲು ಅವನ ನೆರವು ಕೇಳಿತು. ಆಗ ನೇಗಿಲನ್ನು ಬಂಡಿಯಂತೆ ಸರಪಳಿ ಹಾಕಿ ಎಳೆಯುತ್ತಿದ್ದರು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿ ನಿಂತರೆ ಹಿಂದಿನ ಗಾಲಿ ನಿಲ್ಲುತ್ತಿರಲಿಲ್ಲ. ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು ಚಾಲಕನ ಮೇಲೆ ಮಗುಚುತ್ತಿತ್ತು. ಫರ್ಗ್ಯುಸನ್ ನೇಗಿಲನ್ನು ಮೂರು ಕಡೆ ಹಿಡಿದು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಿದ. ನೇಗಿಲು ಸಿಕ್ಕಿಕೊಂಡಾಗ ಟಾಪ್ ಲಿಂಕು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುವುದರಿಂದ ಮೂತಿ ಏಳುವುದಿಲ್ಲ. ಆ ಒತ್ತಡವನ್ನೇ ಗುರುತಾಗಿ ಹಿಡಿದು ಹೈಡ್ರಾಲಿಕ್ ತಾನಾಗಿ ಆಳ ಸರಿಪಡಿಸುವ ಏರ್ಪಾಡಿಗೆ 1926ರಲ್ಲಿ ಪೇಟೆಂಟ್ ಸಿಕ್ಕಿತು. 1938ರಲ್ಲಿ ಅವನೂ ಹೆನ್ರಿ ಫೋರ್ಡನೂ ಕಾಗದ ಪತ್ರವಿಲ್ಲದೆ ಬರೀ ಕೈಕುಲುಕಿ ವ್ಯವಹಾರ ಮಾಡಿಕೊಂಡರು. ಮರುವರ್ಷ ಈ ಜೋಡಣೆಯ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಕೈಕುಲುಕಿದ ವ್ಯವಹಾರಗಳು ಸಾಮಾನ್ಯವಾಗಿ ಎಲ್ಲಿ ಹೋಗಿ ನಿಲ್ಲುತ್ತವೋ ಇದೂ ಅಲ್ಲೇ ನಿಂತಿತು: ಕೋರ್ಟಿನಲ್ಲಿ. 1952ರಲ್ಲಿ ಫರ್ಗ್ಯುಸನ್ನಿಗೆ 92.5 ಲಕ್ಷ ಡಾಲರ್ ಸಿಕ್ಕಿತು. ಮರುವರ್ಷ ಅವನ ಕಂಪನಿ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. ಆ ವಂಶದ ಟ್ರ್ಯಾಕ್ಟರುಗಳನ್ನು ನಮ್ಮಲ್ಲಿ ಮಾಡಲು 1960ರಲ್ಲಿ ಮದರಾಸಿನಲ್ಲಿ ಶುರುವಾದದ್ದೇ ಟಾಫೆ. ಅದರ ಕಾರ್ಖಾನೆಗಳಲ್ಲೊಂದು ದೊಡ್ಡಬಳ್ಳಾಪುರದಲ್ಲಿದೆ.

ಬೇರು, ಬಂಡೆ ಎಂದೆನಲ್ಲ. ಹೊಸಕೋಟೆ, ದೇವನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಶಕಗಟ್ಟಲೆ ನೀಲಗಿರಿ ಬೆಳೆದ ಹೊಲಗಳವು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರ ಹೋದರೂ ಬೊಡ್ಡೆ, ಬೇರು ಅಷ್ಟು ಬೇಗ ಹೋಗುವುದಿಲ್ಲ. ಅಂಥ ಹೊಲವನ್ನು ರಾಗಿಗೆ ಅಣಿ ಮಾಡುವಾಗ ಹತ್ತು ಮಾರಿಗೊಮ್ಮೆ ನೇಗಿಲಿನ ಕೋನ ಬದಲಿಸಬೇಕೆನ್ನಿಸುತ್ತದೆ. ಯಾರು ಇಳಿಯುತ್ತಾರೆ? ‘ನಡೀಲಿ ಬುಡು’ ಎಂದು ಹಾಗೇ ಹೊಡೆಯುತ್ತಾರೆ. ಒಂದೆಡೆ ಮೊಣಕಾಲುದ್ದ, ಇನ್ನೊಂದೆಡೆ ಬೆರಳುದ್ದ ಉಳುಮೆಯಾಗುತ್ತದೆ.

ಇನ್ನೊಂದು ಉದಾಹರಣೆ ದ್ರಾಕ್ಷಿ ತೋಟದ್ದು. ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ಈ ಸೀಮೆಯ ಬೆಳೆ. ಅದು ಹಬ್ಬುವುದು ಚಪ್ಪರದ ಮೇಲೆ. ಕಲ್ಲುಕಂಬ, ಮೇಲೆ ತಂತಿ, ತಂತಿಗೆ ತಲೆ ತಾಗುವಂತೆ ಕೂತ ಚಾಲಕ. ದೊಡ್ಡ ಟ್ರ್ಯಾಕ್ಟರಿಗೆ ಅಲ್ಲಿ ಪ್ರವೇಶವಿಲ್ಲ. ಮಿನಿ ಟ್ರ್ಯಾಕ್ಟರೇ ಗತಿ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ತಂದ ಪುಟ್ಟ ಗಾಡಿಗಳನ್ನು ಈ ಭಾಗದವರು ಇಂದಿಗೂ ಮಿತ್ಸುಬಿಷಿ ಎಂದೇ ಕರೆಯುವುದುಂಟು. ಹಿಪ್ಪುನೇರಳೆ ಸಾಲುಗಳ ನಡುವೆಯೂ ಇಂಥವೇ ಓಡಾಡುತ್ತವೆ. ಇಂಥ ಇಕ್ಕಟ್ಟಿನಲ್ಲಿ ಇಳಿದು ಹತ್ತುವುದೇ ಒಂದು ಕಸರತ್ತು. ಆದ್ದರಿಂದ ಸೀಟಿನ ಪಕ್ಕದ ಲಿವರು ದೊಡ್ಡ ಟ್ರ್ಯಾಕ್ಟರಿಗಿಂತ ಚಿಕ್ಕದಕ್ಕೇ ಹೆಚ್ಚು ಬೇಕು. ಕಂಪನಿಗಳು ಮಾತ್ರ ಇಂಥ ಸೌಕರ್ಯಗಳನ್ನೆಲ್ಲ ದೊಡ್ಡ ಗಾಡಿಗೇ ಮೊದಲು ಕೊಡುತ್ತವೆ.

ಜಾಕಿನ ಬಲ ಎಷ್ಟು ಎಂಬುದಕ್ಕೆ ಲೆಕ್ಕ ಸರಳ. ಒಳವ್ಯಾಸ 50 ಮಿಲಿಮೀಟರ್ ಇದ್ದರೆ ಪಿಸ್ಟನ್ನಿನ ಮುಖ ಸುಮಾರು 19.6 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 150 ಕೆ.ಜಿ. ಒತ್ತಡದಲ್ಲಿ ಎಣ್ಣೆ ಬಂದರೆ ಅದು ತಳ್ಳುವ ಬಲ 2,900 ಕೆ.ಜಿ. ದಾಟುತ್ತದೆ. ಒಳಗೆಳೆಯುವಾಗ 25 ಮಿಲಿಮೀಟರ್ ದಪ್ಪದ ರಾಡು ಒಂದಿಷ್ಟು ಜಾಗ ತಿನ್ನುವುದರಿಂದ ಸುಮಾರು 2,200. ಮಿನಿ ಟ್ರ್ಯಾಕ್ಟರಿನ ತೂಕವೇ ಒಂದು ಟನ್ನಿನ ಆಸುಪಾಸು. ತೋಳಿನಷ್ಟು ದಪ್ಪದ ಜಾಕು ಇಡೀ ಗಾಡಿಗಿಂತ ಬಲಶಾಲಿ. ಮನಸ್ಸು ಬಂದಂತೆ ಲಿವರ್ ಎಳೆದರೆ ಟಾಪ್ ಲಿಂಕ್ ಹಿಡಿದಿರುವ ಬೀಡಿನ ಬ್ರಾಕೆಟ್ಟೇ ಸೀಳಬಹುದು. ವೇಗದ್ದೂ ಅದೇ ಕಥೆ. ನಿಮಿಷಕ್ಕೆ 15 ಲೀಟರ್ ಕೊಡುವ ಪಂಪಿಗೆ ಈ ಜಾಕನ್ನು 10 ಸೆಂಟಿಮೀಟರ್ ಚಾಚಲು ಒಂದು ಸೆಕೆಂಡೂ ಬೇಡ. ಬೆರಳಗಲ ಸರಿಸಬೇಕೆಂದು ಲಿವರ್ ಮುಟ್ಟಿದರೆ ಗೇಣಗಲ ಜಿಗಿಯುತ್ತದೆ. ಅದಕ್ಕೇ ಪೈಪಿನ ದಾರಿಯಲ್ಲಿ ಎಣ್ಣೆಯ ಹರಿವು ತಗ್ಗಿಸುವ ಸಣ್ಣ ತೂತಿನ ನಿಪ್ಪಲ್ ಹಾಕುತ್ತಾರೆ. ಇದನ್ನು ಹಾಕದೆ ಗಾಡಿ ಬಿಟ್ಟುಕೊಟ್ಟ ಮೆಕ್ಯಾನಿಕ್ಕನ್ನು ನಂಬಬೇಡಿ.

ನಿಜವಾದ ಜಾಣ್ಮೆ ಬೇಕಾಗಿರುವುದು ಎಣ್ಣೆಯನ್ನು ಎಲ್ಲಿಂದ ತೆಗೆಯಬೇಕು ಎಂಬಲ್ಲಿ. ಟ್ರೈಲರ್ ಎತ್ತಲು ಟ್ರ್ಯಾಕ್ಟರಿನ ಹಿಂದೆ ಕೊಟ್ಟಿರುವ ಪೈಪಿನ ಬಾಯಿಂದ ತೆಗೆದರಾಗದೇ ಎಂದು ಎಲ್ಲರೂ ಕೇಳುತ್ತಾರೆ. ಆಗದು. ಟಿಪ್ಪಿಂಗ್ ಜಾಕಿಗೆ ಎತ್ತಲಷ್ಟೇ ಎಣ್ಣೆ ಬೇಕು. ಇಳಿಯುವುದು ತನ್ನ ತೂಕದಿಂದ. ಟಾಪ್ ಲಿಂಕು ಚಾಚಲೂ ಬೇಕು, ಕುಗ್ಗಲೂ ಬೇಕು. ಹೋಗಲೊಂದು ಬರಲೊಂದು ಎಂದು ಎರಡು ಪೈಪು, ಎರಡೂ ದಿಕ್ಕಿಗೆ ತಿರುಗಿಸುವ ವಾಲ್ವು ಬೇಕು. ಹೈಡ್ರಾಲಿಕ್ ಪಲ್ಟಿ ನೇಗಿಲು ಇಟ್ಟುಕೊಂಡವರಿಗೆ ಈ ವಾಲ್ವು ಹೊಸದಲ್ಲ, ಅವರು ಅದನ್ನು ಡಿ.ಸಿ. ವಾಲ್ವ್ ಎಂದು ಕೇಳಿ ಪಡೆಯುತ್ತಾರೆ. ಅದನ್ನು ಪಂಪಿಗೂ ಲಿಫ್ಟಿಗೂ ನಡುವೆ ಕೂರಿಸಬೇಕು. ಕೆರೆಯ ತೂಬಿನಿಂದ ಬರುವ ಕಾಲುವೆಗೆ ಮೇಲಿನ ಗದ್ದೆಯವನು ಅಡ್ಡ ಕಟ್ಟಿದರೆ ಕೆಳಗಿನ ಗದ್ದೆಗೆ ನೀರಿಲ್ಲ. ಇಲ್ಲಿ ಹಾಗಾಗದಂತೆ, ಲಿವರ್ ನಡುವೆ ನಿಂತಿರುವಾಗ ಎಣ್ಣೆ ತಡೆಯಿಲ್ಲದೆ, ಪೂರ್ತಿ ಒತ್ತಡದಲ್ಲಿ ಲಿಫ್ಟಿಗೆ ಮುಂದುವರಿಯಬೇಕು. ಅದಕ್ಕಾಗಿ ಪವರ್ ಬಿಯಾಂಡ್ ಎಂಬ ಇನ್ನೊಂದು ಬಾಯಿ ಇರುವ ವಾಲ್ವನ್ನೇ ತರಬೇಕು. ಅಗ್ಗದ ವಾಲ್ವಿನ ವಾಪಸು ಬಾಯಿ ಇರುವುದು ಎಣ್ಣೆ ಟ್ಯಾಂಕಿಗೆ ಮರಳಲಿಕ್ಕೆ. ಅದನ್ನು ಲಿಫ್ಟಿಗೆ ಜೋಡಿಸಿದರೆ ವಾಲ್ವಿನ ಸೀಲು ಕಿತ್ತುಬರಬಹುದು. ಒತ್ತಡ ಮೀರಿದರೆ ಎಣ್ಣೆ ಬಿಟ್ಟುಕೊಡುವ ರಿಲೀಫ್ ವಾಲ್ವು ಡಿ.ಸಿ. ವಾಲ್ವಿಗೂ ಮೊದಲೇ ಇರಬೇಕು.

ಜಾಕಿನ ಮೈಮೇಲೆ ಲಾಕ್ ವಾಲ್ವ್ ಎಂಬ ಪುಟ್ಟ ಡಬ್ಬಿಯೂ ಬೇಕು. ಅದಿಲ್ಲದಿದ್ದರೆ ಉಳುಮೆಯ ಒತ್ತಡಕ್ಕೆ ಎಣ್ಣೆ ವಾಲ್ವಿನೊಳಗೆ ನುಸುಳಿ, ಬೆಳಗ್ಗೆ ಕೂರಿಸಿದ ಕೋನ ಮಧ್ಯಾಹ್ನಕ್ಕೆ ಬೇರೆಯಾಗಿರುತ್ತದೆ. ಟಾಪ್ ಲಿಂಕಿನ ಒತ್ತಡ ನೋಡಿ ಆಳ ಸರಿಪಡಿಸಿಕೊಳ್ಳುವ ಟ್ರ್ಯಾಕ್ಟರುಗಳಲ್ಲಂತೂ ಸೋರುವ ಜಾಕು ಇಡೀ ಲಿಫ್ಟಿನ ದಿಕ್ಕು ತಪ್ಪಿಸುತ್ತದೆ.

ಇಷ್ಟೆಲ್ಲ ಸಾಮಾನು ಎಲ್ಲಿಂದ ತರುವುದು ಎಂದರೆ, ನೆಲಮಂಗಲದವರು ತುಮಕೂರು ರಸ್ತೆಯಲ್ಲಿ ಬೆಂಗಳೂರಿನ ಕಡೆ ಹೊರಟರೆ ಸಿಗುವ ಪೀಣ್ಯವೇ ಉತ್ತರ. ಬೆಂಗಳೂರನ್ನು ಸಾಫ್ಟ್‌ವೇರ್ ನಗರ ಎನ್ನುವವರಿಗೆ ಅದು ಹೈಡ್ರಾಲಿಕ್ ನಗರವೂ ಹೌದು ಎಂಬುದು ಗೊತ್ತಿರುವುದಿಲ್ಲ. 1973ರಲ್ಲಿ ಶುರುವಾದ ಡೈನಮ್ಯಾಟಿಕ್ ಕಂಪನಿ ಪೀಣ್ಯದಲ್ಲಿ ಟ್ರ್ಯಾಕ್ಟರುಗಳಿಗೆ ಗೇರ್ ಪಂಪು ಮಾಡುತ್ತದೆ. ವಿಪ್ರೋ ಕೂಡ 1976ರಷ್ಟು ಹಿಂದೆಯೇ ಹೈಡ್ರಾಲಿಕ್ ಸಿಲಿಂಡರಿನ ವ್ಯವಹಾರಕ್ಕೆ ಇಳಿದಿತ್ತು. ಜಪಾನಿನ ಸಹಯೋಗದ ಯೂಕೆನ್ ಇಂಡಿಯಾ ಬೆಂಗಳೂರಿನದೇ. ಇದೇ ಡೈನಮ್ಯಾಟಿಕ್ ದೇವನಹಳ್ಳಿಯ ಏರೋಸ್ಪೇಸ್ ಪಾರ್ಕಿನಲ್ಲಿ ಬೇರೂರಿ ವಿಮಾನದ ಬಿಡಿಭಾಗಗಳನ್ನೂ ಮಾಡುತ್ತಿದೆ. ವಿಮಾನ ಹಾರಿಸಿ ನೇಗಿಲಿಗೆ ಬಂದ ಫರ್ಗ್ಯುಸನ್ನನ ದಾರಿಯನ್ನು ಇವರು ಉಲ್ಟಾ ನಡೆದಿದ್ದಾರೆ. ದೊಡ್ಡ ಕಂಪನಿಗಳು ಬಿಡಿ ರೈತನಿಗೆ ಜಾಕು ಮಾಡಿಕೊಡುವುದಿಲ್ಲ, ನಿಜ. ಆದರೆ ಅವು ಇರುವಲ್ಲಿ ಸುತ್ತಲೂ ಸಿಲಿಂಡರ್ ಹೋನಿಂಗ್ ಮಾಡುವವರು, ಹೋಸ್ ಪೈಪಿಗೆ ತುದಿ ಒತ್ತಿಕೊಡುವವರು, ಸೀಲ್ ಕಿಟ್ ಮಾರುವವರು, ಲೇತಿನವರು ಬೆಳೆದಿರುತ್ತಾರೆ. ಎರಡು ಪಿನ್ನುಗಳ ನಡುವಿನ ಉದ್ದವನ್ನು ಹೊಲದಲ್ಲೇ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಟಾಪ್ ಲಿಂಕು ಅತಿ ಕುಗ್ಗಿದಾಗ ಎಷ್ಟು, ಅತಿ ಚಾಚಿದಾಗ ಎಷ್ಟು ಎಂಬ ಎರಡೂ ಅಳತೆ ಬೇಕು. ಒಂದೇ ಅಳತೆ ಹಿಡಿದು ಹೋದವರು ಇನ್ನೊಮ್ಮೆ ಬಸ್ ಹತ್ತುತ್ತಾರೆ.

ಎಲ್ಲರಿಗೂ ಇದು ಬೇಕೇ? ಬೇಡ. ರೊಟಾವೇಟರ್ ಒಂದನ್ನೇ ಹೊಡೆಯುವವರು ಒಮ್ಮೆ ಸರಿಯಾಗಿ ಕೂರಿಸಿದರೆ ಸಾಕು, ಜಾಕಿನ ದುಡ್ಡಲ್ಲಿ ಡೀಸೆಲ್ ಹಾಕಿಸಬಹುದು. ಬಾಡಿಗೆ ಹೊಡೆಯುವವರಿಗೆ ಮಾತ್ರ ಲೆಕ್ಕ ಬೇರೆ. ಬೆಳಗ್ಗೆ ಒಬ್ಬರ ಹೊಲದಲ್ಲಿ ನೇಗಿಲು, ಮಧ್ಯಾಹ್ನ ಇನ್ನೊಬ್ಬರಲ್ಲಿ ಬದು ಹಾಕುವ ಬ್ಲೇಡು, ಸಂಜೆ ಕೂರಿಗೆ. ನೇಗಿಲು ಹೊಡೆಯುವಾಗ ಮೊದಲ ಸಾಲಿನಲ್ಲಿ ಟ್ರ್ಯಾಕ್ಟರ್ ಸಮನಾಗಿ ನಿಂತಿರುತ್ತದೆ, ಎರಡನೇ ಸಾಲಿಗೆ ಬಲಗಾಲಿ ಸಾಲಿನೊಳಗೆ ಇಳಿದು ಗಾಡಿಯೇ ವಾಲುತ್ತದೆ. ಬಲಬದಿಯ ಜಾಕು ಇದ್ದರೆ ಓಡುತ್ತಲೇ ಸರಿಪಡಿಸಬಹುದು. ಬ್ಲೇಡನ್ನು ಒಂದು ಪಕ್ಕ ವಾಲಿಸಿದರೆ ನೀರು ಹರಿಯುವ ಇಳಿಜಾರು ಸಿಗುತ್ತದೆ. ರಾಗಿ ಬೀಜವಂತೂ ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಹೋದರೆ ಮೊಳಕೆ ಮೇಲೇಳಲು ತಿಣುಕುತ್ತದೆ, ಅಲ್ಲಿ ಕೂರಿಗೆಯ ಕೋನಕ್ಕೆ ಬೆಲೆಯಿದೆ. ಕೈಹಾಕುವ ಮೊದಲು ಕೇಳಿ ನೋಡಬೇಕೆನ್ನುವವರಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ನವೆಂಬರಿನಲ್ಲಿ ಜಿ.ಕೆ.ವಿ.ಕೆ. ಕೃಷಿ ಮೇಳದ ಯಂತ್ರಗಳ ಸಾಲುಗಳಿವೆ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಡೀಲರನ್ನು ಕೇಳದೆ ಪೈಪು ಬಿಚ್ಚಬೇಡಿ.

ಒಂದು ಎಚ್ಚರಿಕೆಯನ್ನು ಮೆಕ್ಯಾನಿಕ್ಕುಗಳೂ ಮರೆಯುತ್ತಾರೆ. ಹೋಸ್ ಪೈಪು ಎಲ್ಲಿ ಸೋರುತ್ತಿದೆ ಎಂದು ಅಂಗೈ ಸವರಿ ನೋಡಬಾರದು. ಸೂಜಿಮೊನೆಯಷ್ಟು ತೂತಿನಿಂದ ಆ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲಿಗೆ ನೋವೇ ಇರುವುದಿಲ್ಲ, ತಡಮಾಡಿದರೆ ಬೆರಳು ಕತ್ತರಿಸುವ ಪರಿಸ್ಥಿತಿ ಬರುತ್ತದೆ. ರಟ್ಟಿನ ತುಂಡು ಹಿಡಿದು ನೋಡಬೇಕು. ತಗುಲಿದರೆ ಆಗಿಂದಾಗಲೇ ದೊಡ್ಡಾಸ್ಪತ್ರೆಗೆ ಓಡಬೇಕು. ಮೇಲೆತ್ತಿದ ನೇಗಿಲಿನ ಕೆಳಗೆ ಯಾರೂ ನುಗ್ಗಬಾರದು ಎಂಬುದು ಜಾಕು ಇರಲಿ ಬಿಡಲಿ ಹಳೆಯ ನಿಯಮ.

ಜಾಕು ಬಂದ ಮೇಲೆ ಒಂದು ಹೊಸ ತೊಡಕೂ ಬರುತ್ತದೆ. ತಿರುಪಿನ ಕಾಲದಲ್ಲಿ ‘ಹನ್ನೊಂದು ಎಳೆ ಹೊರಗಿದ್ದರೆ ಕಲ್ಟಿವೇಟರಿಗೆ ಸರಿ’ ಎಂದು ಎಣಿಸಿಟ್ಟುಕೊಳ್ಳಬಹುದಿತ್ತು. ನುಣುಪಾದ ಕ್ರೋಮ್ ರಾಡಿನಲ್ಲಿ ಎಣಿಸಲು ಎಳೆಯೇ ಇಲ್ಲ. ಗುರುತಿಗೆಂದು ಗೀಚಿದರೆ ಆ ಗೀರೇ ಸೀಲನ್ನು ಹರಿಯುತ್ತದೆ. ಅದಕ್ಕೆ ರಾಡಿನ ತುದಿಯ ಕಣ್ಣಿಗೆ ಒಂದು ದಪ್ಪ ತಂತಿ ಬೆಸೆದು, ಅದು ಜಾಕಿನ ಮೈಗುಂಟ ಹಿಂದೆ ಮುಂದೆ ಓಡುವಂತೆ ಮಾಡಿ, ಮೈಮೇಲೆ ಬಣ್ಣದಲ್ಲಿ ಗೆರೆ ಎಳೆದುಕೊಳ್ಳಬೇಕು. ಬಿಳಿಯದು ನೇಗಿಲಿಗೆ, ಕೆಂಪು ಕೂರಿಗೆಗೆ. ಬ್ಲೇಡಿಗೆ ಗೆರೆ ಬೇಡ. ಅದನ್ನು ಹಿಂದೆ ತಿರುಗಿ ನೆಲ ನೋಡಿಕೊಂಡೇ ಹೊಡೆಯಬೇಕು.