ಕಾಲು ಸೋತಿದೆ, ಓಟ ನಾಳೆ ಬೆಳಿಗ್ಗೆ!

2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆಗೆ ಹೆಸರು ಕೊಟ್ಟಾಗಿದೆ, ಬಿಬ್ ಕೂಡ ಮನೆಗೆ ಬಂದಿದೆ. ಆದರೆ ಶುಕ್ರವಾರ ಹುಮ್ಮಸ್ಸಿನಲ್ಲಿ ಹೊಡೆದ ಬಸ್ಕಿಯಿಂದ ಶನಿವಾರ ಮೆಟ್ಟಿಲು ಇಳಿಯೋಕೂ ಕಷ್ಟ. ಅಭ್ಯಾಸವಿಲ್ಲದ ಶ್ರಮದ ನೋವು ಜೋರಾಗೋದು ಒಂದರಿಂದ ಮೂರು ದಿನದೊಳಗೆ. ಅಂದ್ರೆ ಸರಿಯಾಗಿ ಓಟದ ದಿನವೇ! ಹಾಗಂತ ಓಡಲೇಬಾರದಾ? ಓಡಬಹುದು, ಗಡಿಯಾರ ಮಾತ್ರ ಮರೀಬೇಕು.

ಮೊದಲ ಎರಡು ಕಿಲೋಮೀಟರ್ ಮಾತಾಡಿಕೊಂಡು ಹೋಗುವಷ್ಟು ನಿಧಾನವಿರಲಿ. ಕಷ್ಟ ಇರೋದೇ ಇಲ್ಲಿ. ಡೋಲಿನ ಸದ್ದು, ಜನರ ಕೇಕೆ, ಪಕ್ಕದಲ್ಲೇ ನುಗ್ಗುವ ಆಫೀಸಿನ ಗೆಳೆಯ ಎಲ್ಲ ಸೇರಿ ಕಾಲು ಹಗುರಾಯ್ತು ಅನ್ನಿಸಿಬಿಡುತ್ತೆ. ನಂಬಬೇಡಿ, ಆರನೇ ಕಿಲೋಮೀಟರಿನಲ್ಲಿ ಬಡ್ಡಿ ಸಮೇತ ವಸೂಲಾಗುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಹಾಗೇ ಹೆಜ್ಜೆ ಚಿಕ್ಕದಿರಲಿ. ಏರು ಬಂದ್ರೆ ಇನ್ನೂ ಚಿಕ್ಕದು.

ಎರಡೂ ತೊಡೆ ಒಂದೇ ಸಮ ಭಾರವಾಗಿದ್ರೆ ಅದು ಬರೀ ದಣಿವು, ಮೈ ಬೆಚ್ಚಗಾದಂತೆ ಕೊಂಚ ಸಡಿಲಾಗಬಹುದು. ಒಂದೇ ಮಂಡಿಯಲ್ಲೋ ಹಿಮ್ಮಡಿಯಲ್ಲೋ ಚುಚ್ಚಿದಂತಾದ್ರೆ ಕತೆ ಬೇರೆ. ನೋವಿನ ಮಾತ್ರೆ ನುಂಗಿ ಓಟಕ್ಕೆ ನಿಲ್ಲಬೇಡಿ, ಈ ವ್ಯತ್ಯಾಸವೇ ಗೊತ್ತಾಗಲ್ಲ. ಕುಂಟುವ ಹಾಗಾದ್ರೆ ಪಕ್ಕಕ್ಕೆ ಬನ್ನಿ. ಬಿಬ್ ಬಿಚ್ಚಿ ಮೆಟ್ರೋ ಹತ್ತಿದ್ರೆ ಯಾರೂ ಏನೂ ಅನ್ನಲ್ಲ.